ಓರೆಗಾಲಿನ ಕುರ್ಚಿ

ನನ್ನ ನಾದಿನಿ ಕುರ್ಚಿ ಮಾಡುತ್ತಾಳೆ, ನಾನು ಅದರಲ್ಲಿ ಕೂರುತ್ತೇನೆ. ಎರಡನೆಯದೂ ಒಂದು ಕೆಲಸವೇ ಎಂದು ನನ್ನ ಹೆಂಡತಿ ಇವತ್ತಿನವರೆಗೂ ಒಪ್ಪಿಲ್ಲ. ಆದರೆ ನಾದಿನಿಯ ಶೆಡ್ಡಿನಲ್ಲಿ ನನಗೊಂದು ಬೆಲೆಯಿದೆ. ಹೊಸ ಕುರ್ಚಿಗೆ ಪಾಲಿಶ್ ಬೀಳುವ ಮೊದಲು ಫೋನ್ ಬರುತ್ತದೆ: "ಭಾವ, ಬಿಡುವಾಗಿದೀರಾ? ಬಂದು ಸ್ವಲ್ಪ ಕೂತ್ಕೊಂಡು ಹೋಗಿ."

ಹೋಗಿ ಕೂರುತ್ತೇನೆ. ಹಿಂದಕ್ಕೆ ವಾಲುತ್ತೇನೆ, ಕುರ್ಚಿಯ ಮುಂದಿನ ಕಾಲು ಎತ್ತಿ ತೂಗಾಡುತ್ತೇನೆ, ಸೊಂಟ ತಿರುಗಿಸುತ್ತೇನೆ, ಸುಮ್ಮನಿರಲಾರದೆ ಮತ್ತೆ ವಾಲುತ್ತೇನೆ. ಶಾಲೆಯಲ್ಲಿ ಯಾವ ಗುಣಗಳಿಗಾಗಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರೋ ಅವೇ ಇಲ್ಲಿ ಅರ್ಹತೆಗಳು. ಎಲುಬು ದೇವರು ಕೊಟ್ಟದ್ದು, ಅದರ ಮೇಲಿನದೆಲ್ಲ ಹೆಂಡತಿ ಬಡಿಸಿದ್ದು. ನನ್ನಡಿ ನಿಂತ ಕುರ್ಚಿ ಯಾರಡಿಯಾದರೂ ನಿಲ್ಲುತ್ತದೆ ಎಂಬುದು ನಾದಿನಿಯ ಲೆಕ್ಕ.

ಶೆಡ್ಡು ನನ್ನ ಮಾವನವರದು. ಬಾಗಿಲು, ಕಿಟಕಿ, ಕಪಾಟು ಎಂದು ಜೀವಮಾನವೆಲ್ಲ ಮರದ ಜೊತೆ ಕಳೆದ ಬಡಗಿ. ಈಗ ಬಲಗೈ ನಡುಗುತ್ತದೆ. ಟೀ ಲೋಟ ಎತ್ತಿದರೆ ಅರ್ಧ ಪಾಲು ಮೇಜಿಗೆ. ಆದ್ದರಿಂದ ಉಳಿ ಮುಟ್ಟುವುದಿಲ್ಲ. ಬಾಗಿಲ ಪಕ್ಕ ಕೂತು, ಕಿರಿಮಗಳ ಕೆಲಸಕ್ಕೆ ಹೆಸರಿಡುತ್ತಾರೆ. ಹೆಸರಿಡಲು ಅವರಿಗೆ ಬೇಕಾದಷ್ಟು ಸಾಮಗ್ರಿ ಎದುರುಗಡೆಯ ಗೋಡೆಯ ಮೇಲೇ ಇತ್ತು. ಅವರ ಗರಗಸಗಳು ತೂಗುತ್ತಿದ್ದ ಜಾಗದಲ್ಲಿ ಮಗಳು ತನ್ನ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಅಂಟಿಸಿದ್ದಳು. ನೋಡಿ ಬಾಯಿ ಕಳೆಯುವಂಥ ದೃಶ್ಯ ಒಂದೂ ಇಲ್ಲ. ಬಕೆಟ್ಟಿನ ಹಿಡಿ. ಬಸ್ಸಿನ ಸೀಟಿನ ಸವೆದ ಅಂಚು. ಮಡಚಿಟ್ಟ ಕನ್ನಡಕ. ಮೆಟ್ಟಿಲ ಮೇಲೆ ಮುರಿಮುರಿದು ಇಳಿಯುವ ಕಿಟಕಿ ಸರಳಿನ ನೆರಳು. ಎಲ್ಲವೂ ಕಪ್ಪುಬಿಳುಪು.

"ಬಣ್ಣ ಇದ್ರೆ ಕಣ್ಣು ಅದರ ಹಿಂದೇನೇ ಹೋಗುತ್ತೆ ಭಾವ. ಆಕಾರ ಕಾಣಲ್ಲ," ಎನ್ನುತ್ತಿದ್ದಳು.

ಅವುಗಳ ನಡುವೆ ಹಿಂದಿನಿಂದ ತೆಗೆದ ನನ್ನ ಬೋಳುತಲೆಯೂ ಇದೆ. ಅದರ ದುಂಡು ಈಗ ಯಾರದೋ ಮನೆಯ ಊಟದ ಮೇಜಿನ ಮೂಲೆಯಾಗಿದೆ. ಆ ಮನೆಯವರಿಗೆ ಗೊತ್ತಿಲ್ಲ. ಗೊತ್ತಾದರೆ ಊಟ ಸೇರಲಿಕ್ಕಿಲ್ಲ.

ಅವಳದೊಂದು ನಿಯಮವಿತ್ತು. ಫೋಟೋ ತೆಗೆದ ಮೇಲೆ ಆ ವಸ್ತುವಿನ ಹತ್ತಿರ ಮತ್ತೆ ಸುಳಿಯುವುದಿಲ್ಲ. ಟೇಪು ಹಿಡಿದು ಅಳೆಯುವುದಂತೂ ಇಲ್ಲವೇ ಇಲ್ಲ. "ಅಳತೆ ತಗೊಂಡ್ರೆ ನಕಲು ಮಾಡ್ತೀನಿ. ಫೋಟೋ ನೋಡ್ತಾ ಕೂತ್ರೆ ಏನೋ ಹೊಸದು ಹೊಳೆಯುತ್ತೆ."

"ಬಕೆಟ್ ನೋಡಿ ಕುರ್ಚಿ ಮಾಡ್ತಾಳೆ ಇವಳು," ಎಂದು ಮಾವ ನನ್ನ ಕಡೆ ತಿರುಗುತ್ತಿದ್ದರು. "ನಾಳೆ ಕುರ್ಚಿ ನೋಡಿ ಬಕೆಟ್ ಮಾಡ್ತಾಳೆ. ನೀರು ಹೊರೋರು ನೀವೇ, ಅಳಿಯಂದಿರೇ."

ತಮಾಷೆಯಾಗಿಯೇ ನಡೆದಿತ್ತು. ಅಷ್ಟರಲ್ಲಿ ಸೋಫಾ ಶೋರೂಮಿನವನೊಬ್ಬ ಬಂದ. ರಸ್ತೆಯ ಆ ತುದಿಯಲ್ಲಿ ಅವನ ಅಂಗಡಿ. ಸೋಫಾ ತುಂಬಿಡಲು ಗೋಡೌನ್ ಬೇಕಿತ್ತು. ಶೆಡ್ಡನ್ನು ಒಳಗೂ ಹೊರಗೂ ನೋಡಿದ. ಮಾವ ಅವನಿಗೆ ಇಲ್ಲ ಎನ್ನಲಿಲ್ಲ. ಮಗಳ ಮೇಲೆ ಸಿಟ್ಟೇನೂ ಅಲ್ಲ. ಯಾರೂ ಕೇಳದ ಸಾಮಾನು ಮಾಡುತ್ತ ಅವಳು ಇಲ್ಲೇ ಒಣಗಿಹೋದಾಳು ಎಂಬ ಭಯ. ಅದೇ ವಾರ ನಮ್ಮ ಲೈಬ್ರರಿಯ ಓದುವ ಹಾಲಿಗೆ ಹೊಸ ಕುರ್ಚಿಗಳು ಬೇಕಂತೆ ಎಂಬ ಸುದ್ದಿ ಬಂತು. ಅಪ್ಪ ಮಗಳ ನಡುವೆ ಒಪ್ಪಂದವಾಯಿತು. ಇವಳ ಕುರ್ಚಿಯನ್ನು ಲೈಬ್ರರಿಯವರು ಒಪ್ಪಿದರೆ ಶೆಡ್ಡು ಇವಳದು. ಒಪ್ಪದಿದ್ದರೆ ಸೋಫಾಗಳದು.

ಲೈಬ್ರರಿಯ ಮುಖ್ಯಸ್ಥೆ ಖಡಕ್ ಹೆಂಗಸು. ನಕ್ಷೆ ತೋರಿಸಲು ಹೋದರೆ ಮಡಚಿ ವಾಪಸು ಕೊಟ್ಟರಂತೆ. "ಒಂದು ಕುರ್ಚಿ ತಂದು ಹಾಲಲ್ಲಿಡಿ. ಒಂದು ದಿನ ನೋಡ್ತೀನಿ. ಜನ ಕೂತ್ರೆ ಸರಿ. ಕೂರದಿದ್ರೆ, ಕೂತೋರು ಬಿದ್ರೆ, ಎತ್ತಿಕೊಂಡು ಹೋಗಿ. ನಿಮ್ಮ ಕಡೆಯೋರು ಯಾರೂ ಕೂರಬಾರದು, ಕೂರಿ ಅಂತ ಯಾರಿಗೂ ಹೇಳಬಾರದು."

ನಾದಿನಿ ಮಾಡಿದ ಕುರ್ಚಿ ನಿಜಕ್ಕೂ ನೋಡುವ ಹಾಗಿತ್ತು. ಹಿಂದಿನ ಕಾಲುಗಳೆರಡೂ ಸೀಟಿನಿಂದ ಓರೆಯಾಗಿ ಆಚೆಗೆ ಚಾಚಿದ್ದವು, ಓಡಲು ಹೊರಟವನು ಒಂದು ಹೆಜ್ಜೆ ಹಿಂದಿಟ್ಟು ನಿಂತ ಹಾಗೆ. ಕೆಳಗೆ ಒಂದು ಅಡ್ಡಪಟ್ಟಿಯೂ ಇಲ್ಲ. ಆ ಓರೆ ಬಂದದ್ದು ಶೆಡ್ಡಿನೆದುರು ಚಪ್ಪಲಿ ರಿಪೇರಿಯವನ ಸ್ಟೂಲಿನಿಂದ. ಅದರ ಫೋಟೋ ಗೋಡೆಯ ಮಧ್ಯದಲ್ಲೇ ಇತ್ತು. ಅಂಚಿನ ಕಾಲು ಚೆಂದವಾಗಿ ಹೊರಗೆ ವಾಲಿತ್ತು. "ಇಷ್ಟು ಓರೆ ನಿಲ್ಲುತ್ತೇನಮ್ಮ?" ಎಂದು ಮಾವ ಕೇಳಿದಾಗ ಅವಳು ಆ ಫೋಟೋ ತೋರಿಸಿದ್ದಳು. "ರಸ್ತೆಯೋರೆಲ್ಲ ಇದರ ಮೇಲೇ ಕೂತು ಚಪ್ಪಲಿ ಹೊಲಿಸ್ಕೊಂಡಿದ್ದಾರೆ ಅಪ್ಪ. ಮುರಿದಿದೆಯಾ?" ಲೈಬ್ರರಿಯಲ್ಲೂ ಅದನ್ನೇ ಹೇಳಿ ಬಂದಿದ್ದಳು.

ಲೈಬ್ರರಿಗೆ ಒಯ್ಯುವ ದಿನ ನಾಡಿದ್ದು ಎನ್ನುವಾಗ ನನ್ನ ಚಪ್ಪಲಿಯ ಬಾರು ಕಿತ್ತಿತು. ಒಂದು ಕಾಲೆಳೆಯುತ್ತ ಹೋಗಿ ರಿಪೇರಿಯವನ ಸ್ಟೂಲಿನ ಮೇಲೆ ಕೂತೆ. ನಾದಿನಿಯ ಕುರ್ಚಿಯ ಮೂಲಪುರುಷನ ಮೇಲೆ ಕೂತಿದ್ದೇನೆ ಎಂಬ ಹೆಮ್ಮೆಯಿಂದ ಬಗ್ಗಿ ಕೆಳಗೆ ನೋಡಿದೆ. ನಾಲ್ಕು ಕಾಲೂ ಗಾರೆಯವನು ದಾರದಲ್ಲಿ ತೂಗುಗುಂಡು ಬಿಟ್ಟು ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿದ್ದವು.

ಎದ್ದು ಸುತ್ತ ಬಂದು ನೋಡಿದೆ. ನೇರ.

"ಏನ್ ಸಾರ್, ಹುಳ ಗಿಳ ಕಚ್ತಾ?" ಎಂದ ರಿಪೇರಿಯವನು.

"ಈ ಸ್ಟೂಲು ಹೊಸದೇನಪ್ಪ?"

"ನಿಮಗಿಂತ ಹಳೇದು ಸಾರ್."

"ಮತ್ತೆ ಇದರ ಕಾಲು ಯಾವಾಗ ನೇರ ಮಾಡಿಸಿದೆ?"

"ಕಾಲು ನೇರ ಮಾಡ್ಸೋದಾದ್ರೆ ಡಾಕ್ಟರ ಹತ್ರ ಹೋಗಿ ಸಾರ್. ನನ್ನ ಹತ್ರ ಚಪ್ಪಲಿ ಮಾತ್ರ."

ಮತ್ತೆ ಕೂತೆ. ಕೂತಲ್ಲೇ ನನಗೊಂದು ಹಳೆಯ ಸಂಕಟ ನೆನಪಾಯಿತು. ನನ್ನ ಮಗಳ ಹುಟ್ಟುಹಬ್ಬಕ್ಕೆ ನಾದಿನಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆದಿದ್ದಳು. ಸಾಲಿನ ತುದಿಯಲ್ಲಿದ್ದವನು ನಾನು. ಫೋಟೋದಲ್ಲಿ ನನ್ನ ಜಾಗದಲ್ಲಿ ಇಬ್ಬರು ನಿಂತಷ್ಟು ಅಗಲಕ್ಕೆ ಒಬ್ಬನೇ ಹರಡಿಕೊಂಡಿದ್ದ. ಕ್ಯಾಮೆರಾದ ತಪ್ಪು, ಅಂಚಿನಲ್ಲಿದ್ದದ್ದನ್ನೆಲ್ಲ ಅದು ಎಳೆದು ಹಿಗ್ಗಿಸುತ್ತದೆ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. "ಹೌದೌದು, ಹೋಳಿಗೆ ತಟ್ಟೆ ಖಾಲಿ ಮಾಡಿದ್ದೂ ಕ್ಯಾಮೆರಾನೇ," ಎಂದಿದ್ದಳು ಹೆಂಡತಿ.

ನಾನು ಹೇಳಿದ್ದು ನಿಜವಾಗಿತ್ತು. ಗೋಡೆಯ ಮೇಲಿದ್ದ ಸ್ಟೂಲಿನ ಫೋಟೋ ನಾದಿನಿ ನೆಲಕ್ಕೆ ಮಂಡಿಯೂರಿ, ತೀರಾ ಹತ್ತಿರದಿಂದ, ಮೊಬೈಲನ್ನು ಓರೆ ಹಿಡಿದು ತೆಗೆದದ್ದು. ಸ್ಟೂಲಿನ ಕಾಲು ಚೌಕಟ್ಟಿನ ಅಂಚಿನಲ್ಲಿತ್ತು. ನನ್ನನ್ನು ಅಗಲ ಮಾಡಿದ ಕ್ಯಾಮೆರಾ ಅದನ್ನು ಓರೆ ಮಾಡಿತ್ತು. ಕ್ಯಾಮೆರಾ ಮಾಡಿದ ತಪ್ಪನ್ನು ಇವಳು ಗಟ್ಟಿಮರದಲ್ಲಿ ಕೆತ್ತಿಟ್ಟಿದ್ದಳು. ಆ ಓರೆಯ ಮೇಲೆ ರಸ್ತೆಯವರಿರಲಿ, ಪ್ರಪಂಚದಲ್ಲಿ ಯಾರೂ ಕೂತು ನೋಡಿರಲಿಲ್ಲ. ಪಾಲಿಶ್ ಬಾಕಿಯಿದ್ದದ್ದರಿಂದ ನನಗೂ ಇನ್ನೂ ಫೋನ್ ಬಂದಿರಲಿಲ್ಲ.

ಜಗತ್ತಿನಲ್ಲಿ ನಾನು ಹೇಳಿದ್ದು ಸರಿಯಾದದ್ದು ಅಪರೂಪ. ಸರಿಯಾದ ದಿನವೇ ಅದನ್ನು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಶೆಡ್ಡಿಗೆ ಹೋದಾಗ ಮಾವ ಬಾಗಿಲಲ್ಲೇ ಇದ್ದರು. ನಾದಿನಿಗೆ ಕಣ್ಸನ್ನೆ ಮಾಡಿದೆ.

"ಕಣ್ಣಿಗೇನಾಯ್ತು ಭಾವ? ಮರದ ಪುಡಿ ಬಿತ್ತಾ?"

ಹಲಗೆಗಳ ರಾಶಿಯ ಹಿಂದೆ ಕರೆದು ಪಿಸುಗುಟ್ಟಿದೆ. ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ರಸ್ತೆ ದಾಟಿದಳು. ತನ್ನ ನಿಯಮ ಮುರಿದು ಸ್ಟೂಲಿನ ಮುಂದೆ ಮತ್ತೆ ಕೂತದ್ದು, ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೋ ತೆಗೆದದ್ದು ನನಗೆ ಶೆಡ್ಡಿನ ಕಿಟಕಿಯಿಂದ ಕಾಣುತ್ತಿತ್ತು. ಆಮೇಲೆ ನಾನೂ ನೋಡಿದೆ: ಹತ್ತಿರದ್ದರಲ್ಲಿ ಓರೆ, ದೂರದ್ದರಲ್ಲಿ ನೇರ. ಅವಳು ಎರಡನ್ನೂ ಹಿಂದೆಮುಂದೆ ಸರಿಸಿ ನೋಡುತ್ತ ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟಳು.

ವಾಪಸು ಬಂದವಳು ಹೇಳಿದ್ದು ಇಷ್ಟು: "ಅಪ್ಪ ಊಟ ಮಾಡಿ ಮಲಗಲಿ. ನೀವು ಕೂತ್ಕೊಳ್ಳಿ."

ಅವಳು ಪರೀಕ್ಷೆ ಮಾಡುವ ಕ್ರಮ ಹೀಗೆ. ಮೊಬೈಲನ್ನು ಇಟ್ಟಿಗೆಗೆ ಒರಗಿಸಿ, ಇಟ್ಟಿಗೆಯ ಸುತ್ತ ಸೀಮೆಸುಣ್ಣದ ಗೆರೆ ಹಾಕಿ, ಹಿಂದಿನ ಕಾಲು ಸೀಟಿನೊಳಗೆ ಸೇರುವ ಸಂದಿನ ಫೋಟೋ ತೆಗೆಯುತ್ತಾಳೆ. ನಾನು ಕೂತು ತೂಗಾಡಿದ ಮೇಲೆ ಅದೇ ಜಾಗದಿಂದ ಇನ್ನೊಂದು. ಎರಡನ್ನೂ ಹಿಗ್ಗಿಸಿ ಹೋಲಿಸಿದರೆ ಸಂದು ಕೂದಲೆಳೆಯಷ್ಟು ಸರಿದಿದ್ದರೂ ಗೊತ್ತಾಗುತ್ತದೆ.

ಕೂತೆ. ಬದುಕಿನಲ್ಲಿ ಮೊದಲ ಸಲ ಮೈ ಹಗುರ ಮಾಡಿಕೊಂಡು ಕೂರಲು ನೋಡಿದೆ.

"ಉಸಿರು ಹಿಡೀಬೇಡಿ ಭಾವ. ದಿನಾ ಕೂರೋ ಹಾಗೆ ಕೂರಿ."

"ಮುರಿದ್ರೆ?"

"ಇಲ್ಲೇ ಮುರೀಲಿ."

ವಾಲಿದೆ. ತೂಗಿದೆ. ಅವಳು ಫೋಟೋ ತೆಗೆದಳು, ಹಿಗ್ಗಿಸಿ ನೋಡಿದಳು. ಮತ್ತೆ ತೂಗಿದೆ. ಸೀಟು ಬಿಸಿಯಾಯಿತು, ನನ್ನ ಬೆನ್ನು ಬೆವರಿತು. ಇನ್ನು ಸಾಕು ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಬಲ ತೊಡೆಯ ಕೆಳಗೆಲ್ಲೋ ಟಿಕ್ ಎಂದಿತು. ಇಬ್ಬರೂ ಕಲ್ಲಾದೆವು.

"ನಿಮ್ಮ ಮಂಡಿನಾ?" ಎಂದಳು, ಆಸೆಯಿಂದ.

ಮಂಡಿ ನನ್ನದೇ ಆಗಿರಲಿ ಎಂದು ನಾನೂ ಬೇಡಿಕೊಂಡೆ. ಆದರೆ ಫೋಟೋದಲ್ಲಿ, ಬಲಗಾಲಿನ ಸಂದಿನಲ್ಲಿ, ಮೊದಲಿಲ್ಲದ ಒಂದು ಕಪ್ಪು ಗೆರೆ ಇತ್ತು. ಪೆನ್ಸಿಲಿನಿಂದ ಮೆಲ್ಲಗೆ ಎಳೆದಷ್ಟು.

"ಬಾಯಿ ಬಿಟ್ಟಿದೆ," ಎಂದಿತು ಹಿಂದಿನಿಂದ ಒಂದು ದನಿ. ಮಾವ ಎದ್ದು ಬಂದಿದ್ದರು. ಕನ್ನಡಕವಿಲ್ಲದೆ, ಫೋಟೋವಿಲ್ಲದೆ, ಹೆಬ್ಬೆರಳು ಸವರಿಯೇ ಹೇಳಿದರು. "ಆ ಚಪ್ಪಲಿಯವನ ಸ್ಟೂಲು ಮುರಿದಿಲ್ಲ ಅಂದೆ?"

ನಾದಿನಿ ಮುಚ್ಚಿಡಲಿಲ್ಲ. ಸ್ಟೂಲಿನ ಎರಡೂ ಫೋಟೋ ತೋರಿಸಿದಳು. ಮಾವ ನೋಡಿ ಮೊಬೈಲನ್ನು ವಾಪಸು ಕೊಟ್ಟರು. ಒಂದೆರಡು ಮಾತು ಬೈದುಬಿಟ್ಟಿದ್ದರೆ ನಮಗೇ ಹಗುರವಾಗುತ್ತಿತ್ತು.

"ಶೋರೂಮಿನವನಿಗೆ ಫೋನ್ ಮಾಡ್ಲಾ?" ಎಂದರು.

"ನಾಡಿದ್ದಿನ ತನಕ ಅಂದಿದ್ದೆ ನೀನು, ಅಪ್ಪ."

"ಹಾಗಿದ್ರೆ ಕಾಲು ನೇರ ಮಾಡು. ಇಲ್ಲಾ, ಸುತ್ತ ಅಡ್ಡಪಟ್ಟಿ ಹೊಡಿ."

"ಸುತ್ತ ಪಟ್ಟಿ ಹೊಡೆದ್ರೆ ಅದು ಕುರ್ಚಿ ಅಲ್ಲ ಅಪ್ಪ, ಏಣಿ."

"ಏಣಿ ಆದ್ರೂ ಹತ್ತಬಹುದು. ಇದನ್ನೇನು ಮಾಡ್ತೀಯ?" ಎಂದು ಮಾವ ಹೊರಗೆ ಹೋದರು.

ನಾದಿನಿ ನೆಲದ ಮೇಲೆ ಕೂತು ಮಧ್ಯಾಹ್ನದ ಫೋಟೋಗಳನ್ನೆಲ್ಲ ಒಂದೊಂದಾಗಿ ಸರಿಸತೊಡಗಿದಳು. ಸಮಾಧಾನ ಹೇಳಬೇಕೆಂದು ನಾನೂ ಪಕ್ಕದಲ್ಲಿ ಕೂತೆ. ಆಗ ಅವಳ ಬೆರಳು ನಿಂತಿತು.

"ಭಾವ, ನಿಮ್ಮ ಹಿಮ್ಮಡಿ ಏನು ಹುಡುಕ್ತಾ ಇದೆ?"

ಬಗ್ಗಿ ನೋಡಿದೆ. ಸಂದಿನ ಫೋಟೋಗಳು ಅವು. ಆದರೆ ಎಲ್ಲದರಲ್ಲೂ ಹಿಂಬದಿಗೆ ನನ್ನ ಕಾಲುಗಳು ಬಂದಿದ್ದವು. ಪ್ರತಿ ಫೋಟೋದಲ್ಲೂ ಎರಡೂ ಹಿಮ್ಮಡಿ ಸೀಟಿನ ಕೆಳಗೆ ಹಿಂದಕ್ಕೆ ಸರಿದು, ನೆಲ ಬಿಟ್ಟು, ಗಾಳಿಯಲ್ಲಿ ನೇತಾಡುತ್ತಿದ್ದವು. ಪ್ರತಿ ಸಲವೂ ಅದೇ ಎತ್ತರ, ಅದೇ ಜಾಗ. ಕತ್ತಲೆಯಲ್ಲಿ ಮೆಟ್ಟಿಲಿಗಾಗಿ ತಡಕಾಡುವವನ ಹಾಗೆ.

"ಊರಲಿಕ್ಕೆ ಏನಾದ್ರೂ ಸಿಗುತ್ತೇನೋ ಅಂತ ನೋಡ್ತಿರಬೇಕು," ಎಂದೆ ನಾಚಿಕೆಯಿಂದ. "ಚಿಕ್ಕಂದಿನಿಂದ ಅಭ್ಯಾಸ."

"ನಿಮ್ಮೊಬ್ಬರದೇ ಅಲ್ಲ. ಓದೋರೆಲ್ಲ ಹೀಗೇ ಕೂರೋದು." ಎದ್ದು ಸೀಮೆಸುಣ್ಣ ಕೈಗೆ ತಗೊಂಡಳು. "ಮತ್ತೆ ಕೂರಿ. ಕಾಲು ಹಾಗೇ ಇರಲಿ. ಅಲ್ಲಾಡಬೇಡಿ."

ನನ್ನ ಹಿಮ್ಮಡಿ ಎಲ್ಲಿ ನೇತಾಡಿತೋ ಅಲ್ಲಿಗೆ ಗುರುತು ಹಾಕಿದಳು. ಆ ಎತ್ತರದಲ್ಲಿ, ಎರಡೂ ಬದಿಗೆ, ಮುಂದಿನ ಕಾಲಿನಿಂದ ಹಿಂದಿನ ಓರೆಗಾಲಿಗೆ ಒಂದೊಂದು ತೆಳು ಪಟ್ಟಿ. ಆ ಎರಡರ ನಡುವೆ ಸೇತುವೆಯ ಹಾಗೆ ಮೂರನೆಯದು, ಹಿಮ್ಮಡಿ ಊರಲು. ಓಡಲು ಹೊರಟ ಕಾಲನ್ನು ಬದಿಯ ಪಟ್ಟಿಗಳು ಹಿಡಿದುಕೊಳ್ಳುತ್ತವೆ. ಓರೆ ಓರೆಯಾಗಿಯೇ ಉಳಿಯುತ್ತದೆ. ಮರುದಿನ ಬಾಯಿ ಬಿಟ್ಟ ಸಂದನ್ನು ಕಳಚಿ, ಹಳೆಯ ಅಂಟು ಕೆರೆದು ಮತ್ತೆ ಕೂರಿಸಿದಳು. ಮಾವ ಬಂದು, "ಬೆಣೆ ಹೊಡಿ, ಬರೀ ಅಂಟು ನಂಬಬೇಡ," ಎಂದರು. ಹೊಡೆದಳು. ಅಂಟು ಒಣಗುವವರೆಗೆ ಅವರು ಸಂದನ್ನು ಬಿಗಿದು ಹಿಡಿದ ಕ್ಲಾಂಪನ್ನು ಮುಟ್ಟಿಮುಟ್ಟಿ ನೋಡಿದರು. ಸಂಜೆಗೆ ನಾನು ಕೂತು, ತೂಗಿ, ವಾಲಿ, ಎಲ್ಲ ಮಾಡಿದೆ. ಗೆರೆ ಬರಲಿಲ್ಲ, ರಾತ್ರಿಯೇ ಪಾಲಿಶ್ ಹಾಕಿದಳು. ಆದರೆ ಒಂದು ಸಂಜೆಗೆ ಏನು ಗೊತ್ತಾಗುತ್ತದೆ?

ಲೈಬ್ರರಿಯಲ್ಲಿ ಕುರ್ಚಿ ಇಳಿಸಿದ ಕೂಡಲೇ ನಾದಿನಿ ಮುಖ್ಯಸ್ಥೆಯ ಮುಂದೆ ನಿಂತು ಸ್ಟೂಲಿನ ವಿಷಯ ಹೇಳಿಬಿಟ್ಟಳು. ಅದು ಓರೆ ಇರಲಿಲ್ಲ, ಕ್ಯಾಮೆರಾದಿಂದ ಹಾಗೆ ಕಂಡಿತು, ಇಂಥ ಕಾಲಿನ ಮೇಲೆ ಯಾರೂ ಕೂತು ಗೊತ್ತಿಲ್ಲ ಎಂದು. ನಾನು ಹಿಂದಿನಿಂದ ಅವಳ ದುಪಟ್ಟಾ ಎಳೆಯುತ್ತಿದ್ದೆ.

"ಯಾರೂ ಕೂತಿಲ್ವಾ?" ಎಂದರು ಮುಖ್ಯಸ್ಥೆ.

"ನಿನ್ನೆ ನಮ್ಮ ಭಾವ ಕೂತ್ರು ಮೇಡಂ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಮಧ್ಯದಲ್ಲಿ ಸ್ವಲ್ಪ ತಡೆದು. "ಸರಿ, ಇಡಿ," ಎಂದರು.

ಆಮೇಲೆ ಶುರುವಾಯಿತು ನೋಡಿ. ಜನ ಬಂದರು. ಕುರ್ಚಿಯನ್ನು ನೋಡಿದರು. ಅದರ ಹಿಂದಿನ ಕಾಲನ್ನು ಇನ್ನೊಮ್ಮೆ ನೋಡಿ, ಪಕ್ಕದ ಹಳೆಯ, ಕಾಲು ಅಲ್ಲಾಡುವ ಕುರ್ಚಿಯಲ್ಲಿ ನಿಶ್ಚಿಂತೆಯಿಂದ ಕೂತರು. ಒಬ್ಬರು ನಮ್ಮ ಕುರ್ಚಿಯನ್ನು ಹತ್ತಿರಕ್ಕೆಳೆದರು. ನಾದಿನಿ ನನ್ನ ಮಣಿಕಟ್ಟು ಹಿಡಿದಳು. ಅವರು ಅದರ ಮೇಲೆ ಕೈಚೀಲವಿಟ್ಟು, ಕೊಡೆಯನ್ನು ಅದರ ಬೆನ್ನಿಗೆ ತೂಗುಹಾಕಿ, ತಾವು ಹಳೆಯ ಕುರ್ಚಿಯಲ್ಲಿ ಕೂತರು.

"ಕೊಡೆಗೆ ಇಷ್ಟ ಆಗಿದೆ," ಎಂದೆ.

"ಬಾಯ್ಮುಚ್ಚಿ ಭಾವ."

ಮಧ್ಯಾಹ್ನ ಕಳೆಯಿತು. ಕೈಚೀಲ ಮನೆಗೆ ಹೋಯಿತು. ಆಗ ಹಾಲಿನ ಆ ಮೂಲೆಯಿಂದ ಸರಸರ ಎನ್ನುವ ಸದ್ದು ಕೇಳಿಸಿತು. ಪೇಪರ್ ಸ್ಟ್ಯಾಂಡಿನ ಹತ್ತಿರ ಯಾರೋ ಮುಖಕ್ಕೆ ಪೇಪರ್ ಅಡ್ಡ ಹಿಡಿದು ನಿಂತಿದ್ದರು. ಫ್ಯಾನಿಲ್ಲದ ಜಾಗದಲ್ಲಿ ಪೇಪರು ತಾನಾಗಿ ನಡುಗುತ್ತಿತ್ತು. ಮಾವ! ಯಾವಾಗ ಬಂದಿದ್ದರೋ. ನಾದಿನಿಯೂ ನೋಡಿದಳು, ನೋಡದ ಹಾಗೆ ತಲೆ ತಿರುಗಿಸಿದಳು.

ಸಂಜೆಗೆ ಹಾಲು ತುಂಬಿತು. ಎಲ್ಲ ಕುರ್ಚಿಗಳೂ ಹೋದ ಮೇಲೆ, ದಪ್ಪ ಪುಸ್ತಕ ಹಿಡಿದ ಒಬ್ಬ ಉದ್ದನೆಯ ಮನುಷ್ಯ ಬಂದ. ಸುತ್ತ ನೋಡಿದ, ಬೇರೆ ದಾರಿಯಿಲ್ಲದೆ ನಮ್ಮದರಲ್ಲಿ ಕೂತ. ಕೂತವನು ತಕ್ಷಣ ಮುಂದಿನ ಕಾಲೆತ್ತಿ ಹಿಂದಕ್ಕೆ ತೂಗತೊಡಗಿದ, ನನ್ನದೇ ಜಾತಿಯವನು! ನಾದಿನಿಯ ಉಗುರು ನನ್ನ ಕೈಗೆ ನಾಟಿತು. ತೂಗಿದ. ಪುಟ ತಿರುಗಿಸಿದ. ಮತ್ತೆ ತೂಗಿದ.

ಟಿಕ್.

ಪೇಪರ್ ಸ್ಟ್ಯಾಂಡಿನ ಸರಸರ ನಿಂತುಹೋಯಿತು. ನಾದಿನಿ ಕಣ್ಣು ಮುಚ್ಚಿದಳು. ನಾನು ಮಾತ್ರ ನೋಡುತ್ತಿದ್ದೆ. ಆ ಮನುಷ್ಯ ಹೆಬ್ಬೆರಳಿನಿಂದ ಪೆನ್ನಿನ ತಲೆಯನ್ನು ಇನ್ನೊಮ್ಮೆ ಒತ್ತಿದ. ಟಿಕ್. ಪುಸ್ತಕದ ಬದಿಗಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡ.

"ಪೆನ್ನು," ಎಂದೆ ಅವಳ ಕಿವಿಯಲ್ಲಿ. "ಪೆನ್ನು ಕಣೇ."

ಅವಳು ಕಣ್ಣು ತೆರೆಯುವಷ್ಟರಲ್ಲಿ ಅವನು ತೂಗುವುದನ್ನು ನಿಲ್ಲಿಸಿದ್ದ. ಎರಡೂ ಹಿಮ್ಮಡಿ ಹಿಂದಕ್ಕೆ ಸರಿದು, ಒಂದು ಕ್ಷಣ ತಡಕಾಡಿ, ಪಟ್ಟಿಯ ಮೇಲೆ ಊರಿದವು. ಬೆನ್ನು ಒರಗಿತು. ಆಮೇಲೆ ತಾನು ಹಾಲಿನಲ್ಲಿದ್ದೇನೆ ಎಂಬುದೇ ಅವನಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಮುಚ್ಚುವ ಗಂಟೆ ಹೊಡೆಯಿತು. ಎಲ್ಲರೂ ಎದ್ದರು, ಅವನೊಬ್ಬ ಏಳಲಿಲ್ಲ. ಎರಡು ಸಲ ಕರೆದು ಸಾಕಾಗಿ ಮುಖ್ಯಸ್ಥೆ ಹೋಗಿ ಅವನ ಪಕ್ಕ ನಿಂತರು.

"ಹೊತ್ತಾಯ್ತು."

"ಇದೊಂದು ಪುಟ ಮೇಡಂ."

"ಅರ್ಧ ಗಂಟೆಯಿಂದ ಒಂದೊಂದೇ ಪುಟ ಆಗ್ತಿದೆ. ಏಳಿ." ಹಾಗೆ ಅವನನ್ನು ಎಬ್ಬಿಸಿ, ತಾವೇ ಕೂತರು. ಹಿಮ್ಮಡಿ ಊರಿದರು. ಬೆನ್ನು ಒರಗಿಸಿ ನಾದಿನಿಯ ಕಡೆ ನೋಡಿದರು. "ಉಳಿದವು ಯಾವಾಗ ಕೊಡ್ತೀರಿ?"

"ಶೆಡ್ಡಲ್ಲಿ ಜಾಗ ಇದೆಯಲ್ಲ, ಬೇಗ ಕೊಡ್ತಾಳೆ," ಎಂದಿತು ಪೇಪರಿನ ಹಿಂದಿನಿಂದ ಒಂದು ದನಿ. ಮಾವ ಪೇಪರ್ ಮಡಚಿಟ್ಟು ಬಂದರು. ಮೇಡಂ ಎದ್ದ ಮೇಲೆ ಕುರ್ಚಿಯ ಬಲಗಾಲಿನ ಸಂದಿಗೆ ಹೆಬ್ಬೆರಳು ಸವರಿದರು. ಮರ ಮುಟ್ಟಿದಾಗ ಅವರ ಕೈ ಅಷ್ಟೊಂದು ನಡುಗುವುದಿಲ್ಲ.

"ಪಾಲಿಶ್ ಒಂದು ಕಡೆ ದಪ್ಪ ಆಗಿದೆ," ಎಂದರು.

"ಮುಂದಿನದರಲ್ಲಿ ಸರಿ ಮಾಡ್ತೀನಿ ಅಪ್ಪ."

"ಅಳಿಯಂದಿರೇ, ಆ ಸೋಫಾದವನಿಗೆ ನೀವೇ ಒಂದು ಮಾತು ಹೇಳಿಬಿಡಿ. ಶೆಡ್ಡು ಖಾಲಿ ಇಲ್ಲ ಅಂತ." ಆಮೇಲೆ ಮಗಳಿಗೆ: "ಇದರದೊಂದು ಫೋಟೋ ತೆಗಿ. ಈ ಸಲ ದೂರ ನಿಂತು ತೆಗಿ."

"ದೂರ ನಿಂತಿದ್ರೆ ಈ ಕಾಲು ಹುಟ್ತಾನೇ ಇರಲಿಲ್ಲ," ಎಂದು ನಾದಿನಿ ನೆಲಕ್ಕೆ ಮಂಡಿಯೂರಿದಳು, ತೀರಾ ಹತ್ತಿರಕ್ಕೆ. ಮಾವ ಕುರ್ಚಿಯ ಪಕ್ಕ ನಿಂತರು. ನಾನು ಮಾವನವರಿಗೂ ಕುರ್ಚಿಗೂ ನಡುವೆ ತೂರಿಕೊಳ್ಳಲು ನೋಡಿದೆ.

"ಮಧ್ಯದಲ್ಲಿ ಕುರ್ಚಿ ಇರಲಿ ಭಾವ. ನೀವು ಸ್ವಲ್ಪ ಆ ಕಡೆ ಸರೀರಿ."

ಆ ಫೋಟೋ ಈಗ ಗೋಡೆಯ ಮಧ್ಯದಲ್ಲಿದೆ, ಸ್ಟೂಲಿನ ಪಕ್ಕದಲ್ಲೇ. ಕುರ್ಚಿ ಸೊಗಸಾಗಿ ನಿಂತಿದೆ, ಮಾವ ಅದಕ್ಕೆ ಹೆಸರಿಡುವ ಮುಖದಲ್ಲಿದ್ದಾರೆ. ಅಂಚಿನಲ್ಲಿ ಇನ್ನೊಂದು ಕಪಾಟು ತಂದಿಟ್ಟ ಹಾಗೆ ಏನೋ ಕಾಣುತ್ತದೆ. ಅದು ನಾನು. ಹೆಂಡತಿಯನ್ನು ಕರೆದೊಯ್ದು ತೋರಿಸಿ, ಕ್ಯಾಮೆರಾದ ವಿಷಯ ಸ್ಟೂಲಿನ ಸಮೇತ, ಸಾಕ್ಷಿ ಸಮೇತ ವಿವರಿಸಿದೆ. ಅವಳು ಎಲ್ಲ ಕೇಳಿಸಿಕೊಂಡು, ಗೋಡೆಯ ಹತ್ತಿರ ಹೋಗಿ ನೋಡಿ, ನನ್ನ ಕಡೆ ತಿರುಗಿದಳು.

"ಸ್ಟೂಲಿನ ಮಾತು ಒಪ್ಪಿದೆ ರೀ," ಎಂದಳು.